ಸೇತುವೆ ದಾಟದ ಕಡತ

ನಮ್ಮ ಅಧಿಕಾರಿಗಳು ನನ್ನನ್ನು ಕೋಣೆಗೆ ಕರೆದು, ಕೂರಲು ಹೇಳದೆ, "ನೀವು ಗಡಿಯಾಚೆ ಹೋಗಿ ಒಂದು ಸಾಕ್ಷಿ ಹೇಳಿ ಬರಬೇಕು. ಏಲಕ್ಕಿ ಅಮ್ಮನ ಕಡತವನ್ನೂ ತೆಗೆದುಕೊಂಡು ಹೋಗಿ" ಎಂದರು. ಪಕ್ಕದ ಮನೆಗೆ ಏಣಿ ಕೊಟ್ಟು ಬಾ ಎನ್ನುವಷ್ಟು ಹಗುರಾಗಿತ್ತು ಆ ಮಾತು.

ಆಗ ಕೊಡಗು ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮಡಿಕೇರಿಯಲ್ಲಿ ವರಮಾನ ತೆರಿಗೆಯ ಲೆಕ್ಕ ಪರೀಕ್ಷಕನಾಗಿದ್ದೆ ನಾನು. ವರ್ತಕರ ಖಾತೆ ಪುಸ್ತಕ ನೋಡುವುದು, ಅನುಮಾನ ಬಂದ ಕಡೆ ಪ್ರಶ್ನೆ ಕೇಳುವುದು, ಅವರು ಕೊಟ್ಟ ಉತ್ತರವನ್ನು ಅವರ ಎದುರೇ ಬರೆದುಕೊಂಡು ಸಹಿ ಹಾಕಿಸುವುದು ನನ್ನ ಕೆಲಸ. ಗಡಿಯ ಹೊಳೆಯಾಚೆಗೆ ಒಂದು ದೇಶೀ ಸಂಸ್ಥಾನ. ಅಲ್ಲಿ ಅವರದೇ ರಾಜ, ಅವರದೇ ಕೋರ್ಟು, ಅವರದೇ ತೆರಿಗೆ. ಹೊಳೆಗೆ ಸೇತುವೆ ಇತ್ತು, ಬಸ್ಸು ಓಡಾಡುತ್ತಿತ್ತು, ಹೆಣ್ಣು ಕೊಟ್ಟು ತರುವ ಸಂಬಂಧಗಳೂ ಇದ್ದವು. ಆದರೆ ನಮ್ಮ ಕಾಯಿದೆ ಆ ಸೇತುವೆಯ ನಡುವಿಗೇ ಮುಗಿಯುತ್ತಿತ್ತು.

ಏಲಕ್ಕಿ ಅಮ್ಮ ಎಂದು ನಾವು ಕರೆಯುತ್ತಿದ್ದದ್ದು ಭಾಗಮಂಡಲದ ಕಡೆಯ, ಅರೆಭಾಷೆ ಮಾತಾಡುವ ಒಬ್ಬ ಗೌಡರ ಹೆಂಗಸನ್ನು. ಗಂಡ ತೀರಿಕೊಂಡ ಮೇಲೆ ಅವರ ವ್ಯಾಪಾರವನ್ನು ಮೈದುನಂದಿರಿಗೆ ಬಿಟ್ಟುಕೊಡದೆ ತಾವೇ ನಡೆಸುತ್ತಿದ್ದರು. ಭಾಗಮಂಡಲದಿಂದ ಕಕ್ಕಬೆಯವರೆಗಿನ ಮಲೆಗಳಲ್ಲಿ ಏಲಕ್ಕಿ ಬೆಳೆಯುವವರ ಮಾಲನ್ನು ಎತ್ತಿ, ಗಾಡಿಗಳಲ್ಲಿ ಹೊಳೆ ದಾಟಿಸಿ, ಸಂಸ್ಥಾನದ ಪೇಟೆಯೊಂದರಲ್ಲಿ ಬಾಡಿಗೆಗೆ ಹಿಡಿದ ಗೋದಾಮಿನಲ್ಲಿಟ್ಟು ಬಯಲುಸೀಮೆಯ ವರ್ತಕರಿಗೆ ಕೊಡುತ್ತಿದ್ದರು.

ಆ ವರ್ಷ ಸಂಸ್ಥಾನದ ತೆರಿಗೆಯವರು ಗೋದಾಮಿಗೆ ಬೀಗ ಜಡಿದರು. ಮಾಲೆಲ್ಲ ಈಕೆಯದೇ, ನಮ್ಮ ನೆಲದಲ್ಲಿ ಮಾರಿ ಲಾಭ ಮಾಡಿದ್ದಾಳೆ, ತೆರಿಗೆ ಕಟ್ಟಿಲ್ಲ ಎಂಬುದು ಅವರ ವಾದ. ಮಾಲು ಬೆಳೆಗಾರರದು, ನಾನು ಮಾರಿಕೊಟ್ಟು ದಲಾಲಿ ತೆಗೆದುಕೊಳ್ಳುವವಳು, ಅವರ ಏಲಕ್ಕಿಯನ್ನು ನನ್ನ ತೆರಿಗೆಗೆ ಹಿಡಿಯುವುದು ಯಾವ ನ್ಯಾಯ ಎಂಬುದು ಆಕೆಯ ವಾದ. ಅಲ್ಲಿಯ ಕೋರ್ಟಿನಲ್ಲೇ ದಾವೆ ಹೂಡಿದರು. ಇಡೀ ವ್ಯಾಜ್ಯ ಒಂದೇ ಪ್ರಶ್ನೆಗೆ ಬಂದು ನಿಂತಿತು. ಆ ಏಲಕ್ಕಿ ಈಕೆ ಕೊಂಡುಕೊಂಡದ್ದೋ, ಮಾರಿಕೊಡಲು ತಂದದ್ದೋ?

ಅದೇ ಪ್ರಶ್ನೆಯನ್ನು ಹಿಂದಿನ ವರ್ಷ, ನಮ್ಮ ತೆರಿಗೆಯ ಲೆಕ್ಕಕ್ಕಾಗಿ, ನಾನೇ ಆಕೆಯನ್ನು ಕೇಳಿದ್ದೆ. ಅವರ ಮನೆಯ ಜಗಲಿಯಲ್ಲಿ ಕೂತಿದ್ದೆವು. ಅವರು ಮೊರದಲ್ಲಿದ್ದ ಕಾಯನ್ನು ಬೆರಳಲ್ಲಿ ತಿರುವುತ್ತ ನನ್ನ ಮುಖ ನೋಡಿದರು.

"ನಾ ಹೇಳಿದ್ದು ಎಲ್ಲಿಗೆಲ್ಲ ಹೋಗ್ತದೆ ಸ್ವಾಮಿ?"

"ಮಡಿಕೇರಿ ಕಚೇರಿಗೆ. ಅಲ್ಲಿಂದ ಆಚೆ ಎಲ್ಲೂ ಹೋಗಲ್ಲ."

"ಇದು ನಿಮ್ಮ ಮಾತಾ, ಸರ್ಕಾರದ ಮಾತಾ?"

"ಎರಡೂ ಅಮ್ಮಾ. ಕಾಯಿದೆಯಲ್ಲೇ ಹಾಗೆ ಬರೆದಿದ್ದಾರೆ."

ಆಮೇಲೆ ಹೇಳಿದರು. ಬೆಳೆಗಾರರ ಹೆಸರು ಹಿಡಿದು, ಯಾರೊಂದಿಗೆ ಎಂಥ ಕರಾರು ಎಂಬುದನ್ನೆಲ್ಲ ಹೇಳಿದರು. ಏನು ಹೇಳಿದರೆಂದು ನಾನು ಇಲ್ಲಿಯೂ ಬರೆಯುವುದಿಲ್ಲ. ಆಕೆ ಈಗ ಇಲ್ಲ. ಕೊಡಗು ಈಗ ಬ್ರಿಟಿಷರದಲ್ಲ, ಆ ಸಂಸ್ಥಾನವೂ ಉಳಿದಿಲ್ಲ. ಆದರೂ ಬರೆಯುವುದಿಲ್ಲ.

ಅಧಿಕಾರಿಗಳ ಮೇಜಿನ ಎದುರು ನಿಂತಾಗ ನನ್ನ ತಲೆಯಲ್ಲಿ ಇದ್ದದ್ದು ಆ ಜಗಲಿ.

"ಸರ್, ಐವತ್ತನಾಲ್ಕನೇ ಕಲಮು ಇದೆಯಲ್ಲ" ಎಂದೆ.

ನಮ್ಮ ವರಮಾನ ತೆರಿಗೆ ಕಾಯಿದೆಯ ಆ ಕಲಮು ತೀರ ನೇರವಾಗಿತ್ತು. ತೆರಿಗೆಗಾಗಿ ಕೊಟ್ಟ ಹೇಳಿಕೆ, ತೋರಿಸಿದ ಲೆಕ್ಕ, ಎಲ್ಲವೂ ಗುಟ್ಟು. ಅದನ್ನು ಹಾಜರುಪಡಿಸು ಎಂದಾಗಲಿ, ಅದರ ಬಗ್ಗೆ ಸಾಕ್ಷಿ ಹೇಳು ಎಂದಾಗಲಿ ಯಾವ ಕೋರ್ಟೂ ಸರಕಾರಿ ನೌಕರನನ್ನು ಒತ್ತಾಯಿಸುವಂತಿಲ್ಲ. ಅದನ್ನು ಬಯಲು ಮಾಡಿದ ನೌಕರನಿಗೆ ಆರು ತಿಂಗಳವರೆಗೆ ಸೆರೆವಾಸ. ಕೆಲವು ವಿನಾಯಿತಿಗಳಿದ್ದವು. ಎರಡು ಕಡೆಯೂ ತೆರಿಗೆ ಕಟ್ಟಿದವನು ಒಂದು ಕಡೆಯದನ್ನು ವಾಪಸು ಕೇಳಿದರೆ, ಆ ವಾಪಸಾತಿಗೆ ಬೇಕಾದಷ್ಟು ಸಂಗತಿಯನ್ನು ಮಾತ್ರ ಆಚೆಯ ಅಧಿಕಾರಿಗೆ ತಿಳಿಸಬಹುದಿತ್ತು. ಏಲಕ್ಕಿ ಅಮ್ಮ ಏನನ್ನೂ ವಾಪಸು ಕೇಳಿರಲಿಲ್ಲ.

ಅಧಿಕಾರಿಗಳು ತಮಿಳು ಸೀಮೆಯಿಂದ ಬಂದವರು. ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಮನೆಗೆ ಬಂದು ನೋಡಿದವರು. ಆದರೆ ಅವರಿಗೊಂದು ಲೆಕ್ಕವಿತ್ತು. ನಮ್ಮ ಕಾಫಿ ತೋಟದ ದೊಡ್ಡವರು ಕೆಲವರು ಸಂಸ್ಥಾನದ ಬ್ಯಾಂಕುಗಳಲ್ಲಿ ಹಣ ಇಡುತ್ತಾರೆಂದು ಅವರಿಗೆ ಬಹಳ ದಿನದಿಂದ ಅನುಮಾನ. ಅಲ್ಲಿಯವರನ್ನು ಕೇಳಿದರೆ ಹೇಳುತ್ತಿರಲಿಲ್ಲ.

"ನಾವು ಇದೊಂದು ಕೊಟ್ರೆ ಅವರು ಅದು ಕೊಡ್ತಾರಪ್ಪಾ. ಎರಡು ಸರ್ಕಾರ ಒಬ್ರಿಗೊಬ್ರು ಸಹಾಯ ಮಾಡೋದ್ರಲ್ಲಿ ಏನು ತಪ್ಪು?"

"ಕೊಟ್ಟು ತಗೊಳ್ಳೋಕೆ ಇದು ನಮ್ಮ ಸೊತ್ತಲ್ಲ ಸರ್. ಆ ಹೆಂಗಸಿನದು."

"ಜೈಲಿನ ಹೆದರಿಕೆಯಾ ನಿಮಗೆ? ಮೊಕದ್ದಮೆ ಹಾಕಬೇಕಾದ್ರೆ ಮೇಲಿನವರ ಮಂಜೂರಾತಿ ಬೇಕು. ಅವರು ಕೊಡಲ್ಲ. ಅದನ್ನು ನಾನು ನೋಡ್ಕೋತೇನೆ."

ಸಮಾಧಾನ ಹೇಳಲೆಂದು ಆಡಿದ ಆ ಮಾತೇ ನನ್ನನ್ನು ಕೆರಳಿಸಿತು. ಶಿಕ್ಷೆಯ ಬೀಗದ ಕೈ ಇಟ್ಟುಕೊಂಡವರೇ ತಪ್ಪು ಮಾಡು ಎಂದರೆ, ಆ ಕಾಯಿದೆಯನ್ನು ನಂಬಿ ಬಾಯಿ ಬಿಟ್ಟವರು ಯಾರನ್ನು ಕೇಳಬೇಕು?

ಆಜ್ಞೆಯನ್ನು ಬರಹದಲ್ಲಿ ಕೊಡಿ ಎಂದೆ. ಸಂಜೆ ಒಂದು ಚೀಟಿ ಬಂತು. ಇಂಥ ದಿನ ಇಂಥ ಕೋರ್ಟಿಗೆ ಹಾಜರಾಗಿ ಬೇಕಾದ ಸಹಾಯ ಮಾಡತಕ್ಕದ್ದು ಎಂದಿತ್ತು. ಕಡತ ಎಂಬ ಪದವೂ ಇಲ್ಲ, ಹೇಳಿಕೆ ಎಂಬ ಪದವೂ ಇಲ್ಲ. ಕೈ ಸುಟ್ಟರೆ ನನ್ನ ಕೈ ಮಾತ್ರ ಸುಡುವ ಹಾಗೆ ಎಚ್ಚರದಿಂದ ಬರೆದ ಚೀಟಿ.

ಹೋಗುವುದಿಲ್ಲ ಎಂದು ಬಿಡಬಹುದಿತ್ತು. ಸಂಸ್ಥಾನದವರು ನನ್ನ ಹೆಸರಿಗೆ ಕಳಿಸಿದ್ದ ಅವರ ಕೋರ್ಟಿನ ಸಮನ್ಸಿಗೆ ಈಚೆ ಬೆಲೆಯಿಲ್ಲ. ಅದು ನಮ್ಮ ಕೋರ್ಟಿನ ಮೂಲಕ ಬಂದಿರಲೂ ಇಲ್ಲ. ಆದರೆ ನಾನು ಹೋಗದಿದ್ದರೆ ಕಡತ ಹಿಡಿದು ಇನ್ನೊಬ್ಬ ಪರೀಕ್ಷಕ ಹೋಗುತ್ತಿದ್ದ. ಅವನು ಹೊಸಬ, ಆಗಷ್ಟೇ ಮದುವೆಯಾಗಿದ್ದ, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೇಳಿದ್ದನ್ನು ಮಾಡದೆ ಅವನಿಗೆ ಗತಿಯಿರಲಿಲ್ಲ. ಹಾಗಾಗಿ ಕಡತ ನನ್ನ ಕೈಯಲ್ಲೇ ಇರಲಿ ಎಂದು ಹೊರಟೆ.

ಕಡತವನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗಿನ ಮೊಹರು ಒತ್ತಿ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಕೊಯ್ಲಿನ ಕಾಲ. ಬಸ್ಸಿನ ಮೇಲೆಲ್ಲ ಕಿತ್ತಳೆ ಬುಟ್ಟಿಗಳು. ಅಲ್ಲಿಯವರೆಗೆ ನಾನು ಅಂದುಕೊಂಡದ್ದು ಇಷ್ಟೆ: ಕೋರ್ಟಿಗೆ ಹೋಗುವುದು, ಕಡತ ಕೇಳಿದರೆ ಕೊಡುವುದಿಲ್ಲ ಎನ್ನುವುದು.

ಹೊಳೆಯ ಈಚೆ ದಡದ ಪೇಟೆಯಲ್ಲಿ ಬಸ್ಸು ನಿಂತಿತು. ಡ್ರೈವರು ಕೆಳಗಿಳಿದು ಕೂಗಿದ.

"ಆಚೆ ಗೇಟಲ್ಲಿ ಎಲ್ಲಾ ಬಿಚ್ಚಿ ತೋರಿಸ್ಬೇಕು. ಗಂಟು ಮೂಟೆ ಇದ್ದವ್ರು ಕೈಯಲ್ಲೇ ಇಟ್ಕಳ್ಳಿ. ಆಮೇಲೆ ನನ್ನ ಬೈಬೇಡಿ."

ಸೇತುವೆಯ ಆ ತುದಿಯಲ್ಲಿ ಸಂಸ್ಥಾನದ ಸುಂಕದ ಗೇಟು ಕಾಣುತ್ತಿತ್ತು. ಖಾಕಿ ಹಾಕಿದವನೊಬ್ಬ ಗಾಡಿಯ ಮೂಟೆಯೊಂದನ್ನು ಬಿಚ್ಚಿ ಮೊಣಕೈವರೆಗೆ ಕೈ ಹಾಕಿ ಕದಡುತ್ತಿದ್ದ. ಗಾಡಿಯವನು ಸುಮ್ಮನೆ ನಿಂತಿದ್ದ. ಅದು ಅವರ ನೆಲ, ಅವರ ಹಕ್ಕು. ಆ ಖಾಕಿಯವನಿಗೆ ನನ್ನ ಅರಗಿನ ಮೊಹರು ಯಾವ ಲೆಕ್ಕ? ಗೇಟಿನವನು ಬಿಟ್ಟರೂ ಕೋರ್ಟಿನ ಜವಾನ ಬಿಡುವನೇ? ಕೊಡುವುದಿಲ್ಲ ಎಂದು ನಾನು ಭಾಷಣ ಮಾಡುವಷ್ಟರಲ್ಲಿ ಅವನು ಕಂಕುಳಿಂದ ಎಳೆದುಕೊಂಡು ಜಡ್ಜಿಯ ಮೇಜಿನ ಮೇಲಿಟ್ಟರೆ ಯಾವ ಕಾಯಿದೆ ತೋರಿಸಲಿ? ಈ ದಡದಲ್ಲಿ ಇದು ಕಾಯಿದೆ ಕಾಯುವ ಹೇಳಿಕೆ. ಸೇತುವೆ ದಾಟಿದರೆ ಬರೀ ಕಾಗದ. ಬಾಯನ್ನು ನಾನು ಮುಚ್ಚಿಕೊಳ್ಳಬಹುದು, ಕಾಗದಕ್ಕೆ ಮುಚ್ಚಿಕೊಳ್ಳಲು ಬಾಯಿಲ್ಲ.

ಬಸ್ಸಿನಿಂದ ಇಳಿದೆ. "ಹೊರಡ್ತೇನೆ ಸ್ವಾಮಿ, ಕಾಯಕ್ಕಾಗಲ್ಲ" ಎಂದ ಡ್ರೈವರು. ಹೊರಡು ಎಂದೆ.

ಆ ಪೇಟೆಯಲ್ಲಿ ನಮ್ಮ ಸರಕಾರದ ಒಂದು ಸಣ್ಣ ಖಜಾನೆ ಇತ್ತು. ಗುಮಾಸ್ತರು ಕೊಡವರು, ಮೀಸೆಯ ತುದಿಯನ್ನು ಮೇಲಕ್ಕೆ ತಿರುವಿಕೊಂಡಿದ್ದ ದಪ್ಪ ಮನುಷ್ಯ. ಮೊಹರು ಹಾಕಿದ ಕಟ್ಟನ್ನು ಇಟ್ಟುಕೊಂಡು ರಸೀದಿ ಕೊಡಿ ಎಂದೆ. ಅವರು ಅದನ್ನು ಕೈಯಲ್ಲಿ ತೂಗಿ ನೋಡಿದರು.

"ಇದರೊಳಗೆ ಎಂತ ಉಂಟು?"

"ಹೇಳೋ ಹಾಗಿಲ್ಲ."

"ಸರಿ. ಬೆಲೆ ಎಷ್ಟೂಂತ ಬರೀಲಿ?"

"ಬೆಲೆ ಏನೂ ಇಲ್ಲ ಅಂತ ಬರೀರಿ."

"ಬೆಲೆ ಇಲ್ಲದ್ದನ್ನು ಖಜಾನೆಯಲ್ಲಿ ಇಡ್ಲಿಕ್ಕೆ ಆಗ್ತದಾ ಮಾರಾಯ್ರೆ? ಬೆಲೆ ಇದ್ರೆ ತಾನೆ ಖಜಾನೆ?"

"ಹಾಗಾದ್ರೆ ಬೆಲೆ ಕಟ್ಟೋಕಾಗಲ್ಲ ಅಂತ ಬರೀರಿ."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ನಾನು ಯಾವ ಕೋರ್ಟಿಗೆ ಹೊರಟಿದ್ದೇನೆಂದು ಚೀಟಿ ತೋರಿಸಿದೆ. ಓದಿದರು, ನಕ್ಕರು, ಕಬ್ಬಿಣದ ಪೆಟ್ಟಿಗೆ ತೆರೆದು ಕಟ್ಟನ್ನು ಒಳಗಿಟ್ಟರು. "ಮುಚ್ಚಿದ ಕಟ್ಟು ಒಂದು" ಎಂದು ರಸೀದಿ ಬರೆದುಕೊಟ್ಟು, "ನನ್ನ ಮೇಲಿನವರ ಅಪ್ಪಣೆ ಇಲ್ಲದೆ ಇದನ್ನು ನಿಮಗೂ ಕೊಡುದಿಲ್ಲ, ತಿಳೀತಲ್ಲ?" ಎಂದರು. ಅದೇ ನನಗೆ ಬೇಕಾಗಿದ್ದದ್ದು. ಈಗ ನಾನು ಬಯಸಿದರೂ ತರಲಾರೆ.

ಬರಿಗೈಯಲ್ಲಿ ಸೇತುವೆ ನಡೆದು ದಾಟಿದೆ. ಗೇಟಿನವನು ಚೀಲ ಬಿಚ್ಚಿಸಿ ನನ್ನ ಪಂಚೆ, ಟವಲು, ರೊಟ್ಟಿಯ ಗಂಟು ನೋಡಿ ಬಿಟ್ಟ.

ಕೋರ್ಟಿನಲ್ಲಿ ಏಲಕ್ಕಿ ಅಮ್ಮ ತಮ್ಮ ವಕೀಲರ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡದ್ದೇ ಅವರ ಮುಖ ಗಟ್ಟಿಯಾಯಿತು. ನಾನು ಬಂದದ್ದೇಕೆಂದು ಅವರಿಗೆ ಹೇಳಿದವರಿರಬೇಕು. ಆ ನೋಟವನ್ನು ಎದುರಿಸಲು ನನಗಾಗಲಿಲ್ಲ.

ಜಡ್ಜಿ ವಯಸ್ಸಾದವರು, ಮೆಲುದನಿಯವರು. ಶಿರಸ್ತೇದಾರ ಪ್ರಮಾಣವಚನ ಓದಲು ಬಂದಾಗ ನಾನು ಕೈಮುಗಿದು, "ಸ್ವಾಮಿ, ನನ್ನ ಹೆಸರು, ಕೆಲಸ, ಇಷ್ಟಕ್ಕೆ ಪ್ರಮಾಣ ಮಾಡ್ತೇನೆ. ಇದಕ್ಕಿಂತ ಹೆಚ್ಚಿನದಕ್ಕೆ ಮಾಡಲ್ಲ" ಎಂದೆ.

"ಯಾಕೆ?"

"ಕೇಳಿದ್ದಕ್ಕೆಲ್ಲ ಉತ್ತರ ಹೇಳ್ತೇನೆ ಅಂತ ಪ್ರಮಾಣ ಮಾಡಿ ಆಮೇಲೆ ಹೇಳದಿದ್ರೆ ಅದು ದೇವರಿಗೂ ತಮಗೂ ಮಾಡಿದ ಮೋಸ. ಮೊದಲೇ ತಿಳಿಸ್ತಿದ್ದೇನೆ."

ಸಂಸ್ಥಾನದ ಸರಕಾರದ ಕಡೆಯ ವಕೀಲರು ಎದ್ದರು. ಕಡತ ಎಲ್ಲಿ ಎಂದರು. ಖಜಾನೆಯ ರಸೀದಿ ತೋರಿಸಿದೆ. ಅವರು ಅದನ್ನು ಎರಡು ಸಲ ಓದಿ, ಈ ಮನುಷ್ಯ ನ್ಯಾಯಾಲಯವನ್ನು ಅಣಕಿಸಲೆಂದೇ ಬಂದಿದ್ದಾನೆ ಎಂದು ಕೂಗಾಡಿದರು. ಜಡ್ಜಿ ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ನಮ್ಮ ಕಾಯಿದೆಯ ಪುಸ್ತಕ ಅವರ ಮೇಜಿನ ಮೇಲೇ ಇತ್ತು. ಆ ಕಲಮನ್ನು ಓದಿಕೊಂಡೇ ಬಂದಿದ್ದರು.

"ನೋಡಿ, ಇದು ಬ್ರಿಟಿಷ್ ಇಂಡಿಯಾದ ಕಾಯಿದೆ. ಕೋರ್ಟು ಒತ್ತಾಯಿಸಬಾರದು ಅಂತ ಇದರಲ್ಲಿ ಹೇಳಿರೋದು ಅಲ್ಲಿನ ಕೋರ್ಟುಗಳಿಗೆ. ನನ್ನ ಕೋರ್ಟು ಇದಕ್ಕೆ ಒಳಪಟ್ಟಿಲ್ಲ."

"ಕೋರ್ಟು ಒಳಪಟ್ಟಿಲ್ಲ ಸ್ವಾಮಿ. ನಾನು ಒಳಪಟ್ಟಿದ್ದೇನೆ."

"ಈಗ ನೀವು ನಿಂತಿರೋದು ನಮ್ಮ ನೆಲದ ಮೇಲೆ."

"ಆ ಅಮ್ಮ ಹೇಳಿಕೆ ಕೊಟ್ಟಾಗ ಕೂತಿದ್ದು ನಮ್ಮ ನೆಲದ ಮೇಲೆ. ಆ ನೆಲದ ಕಾಯಿದೆ ನಂಬಿ ಕೊಟ್ಟದ್ದು. ನಾನು ಸೇತುವೆ ದಾಟಿದೆ ಅಂತ ಅವರ ನಂಬಿಕೆ ಬದಲಾಗಲ್ಲ."

ನನ್ನ ಧ್ವನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಜಡ್ಜಿ ಪ್ರಶ್ನೆಯನ್ನು ತಾವೇ ಕೇಳಿದರು. ವಾದಿ ಏಲಕ್ಕಿಯನ್ನು ಕೊಂಡುಕೊಂಡೆ ಎಂದಳೋ, ಮಾರಿಕೊಡಲು ತಂದೆ ಎಂದಳೋ? ಹೇಳುವುದಿಲ್ಲ ಎಂದೆ. ಏನಾದರೂ ಹೇಳಿದ್ದು ಉಂಟೋ ಇಲ್ಲವೋ? ಅದನ್ನೂ ಹೇಳುವುದಿಲ್ಲ ಎಂದೆ. ಹೀಗೆ ಹಟ ಮಾಡಿದರೆ ಏನಾಗುತ್ತದೆಂದು ಗೊತ್ತೇ? ಗೊತ್ತು ಎಂದೆ. ಅವರು ಪೆನ್ನು ಎತ್ತಿಕೊಂಡು, ನ್ಯಾಯಾಲಯದ ನಿಂದನೆಗಾಗಿ, ಉತ್ತರ ಕೊಡುವವರೆಗೆ ಇವರನ್ನು ಇಟ್ಟುಕೊಳ್ಳಿ ಎಂದು ಬರೆದರು.

ಇಟ್ಟುಕೊಂಡದ್ದು ಕೋರ್ಟಿನ ಹಿಂದೆ, ಕಂಬಿಯ ಬಾಗಿಲಿದ್ದ ಒಂದು ಕೋಣೆಯಲ್ಲಿ. ಕಾವಲಿಗೆ ಒಬ್ಬ ಪೊಲೀಸ. ಅವನಿಗೆ ನನ್ನ ಅಪರಾಧವೇ ಅರ್ಥವಾಗಲಿಲ್ಲ.

"ಏನ್ ಕದ್ರಿ ಸ್ವಾಮಿ?"

"ಏನೂ ಕದ್ದಿಲ್ಲ."

"ಯಾರ್ನಾದ್ರೂ ಹೊಡುದ್ರಾ?"

"ಇಲ್ಲಪ್ಪ. ಮಾತಾಡು ಅಂದ್ರು, ಮಾತಾಡ್ಲಿಲ್ಲ."

"ಅಯ್ಯೋ, ನಮ್ಮಲ್ಲಿ ಮಾತಾಡಿದ್ದಕ್ಕೆ ಒಳಗಾಕ್ತಾರೆ" ಎಂದು ಅವನು ತಲೆಯಾಡಿಸಿದ. ಆ ಕಾಲದಲ್ಲಿ ಸಂಸ್ಥಾನದಲ್ಲಿ ಭಾಷಣ ಮಾಡಿದವರನ್ನು ಹಿಡಿದು ಜೈಲಿಗೆ ತುಂಬುತ್ತಿದ್ದದ್ದು ನಿಜ.

ಮಾರನೆಯ ದಿನ ನಮ್ಮ ಅಧಿಕಾರಿಗಳ ತಂತಿ ಬಂತು. ಕಡತ ಹಾಜರುಪಡಿಸಿ, ಸಾಕ್ಷಿ ಹೇಳಿ, ತಕ್ಷಣ ವಾಪಸಾಗಿ ಎಂದಿತ್ತು. ಈ ಸಲ ಪದಗಳು ಸ್ಪಷ್ಟವಾಗಿಯೇ ಇದ್ದವು. ಸರಕಾರದ ವಕೀಲರು ಅದನ್ನು ತಾವೇ ತಂದು ಕಂಬಿಯ ಸಂದಿನಿಂದ ಕೊಟ್ಟರು. ಈಗ ನಿಮ್ಮ ಮೇಲಿನವರೇ ಒಪ್ಪಿದ್ದಾರೆ, ಇನ್ನೇನು ಎಂದರು.

"ಇದನ್ನು ಒಪ್ಪೋ ಅಧಿಕಾರ ಅವರಿಗಿಲ್ಲ. ಯಾವಾಗ ಬಾಯಿ ಬಿಡಬಹುದು ಅಂತ ಕಾಯಿದೆಯೇ ಹೇಳಿದೆ. ಮೇಲಿನವರು ಹೇಳಿದಾಗ ಅಂತ ಅದರಲ್ಲಿ ಇಲ್ಲ."

"ನೌಕರಿ ಹೋಗತ್ತೆ."

"ಹೋಗಲಿ."

ಹೋಗಲಿ ಎಂದದ್ದು ಬಾಯಿ. ತಲೆಯಲ್ಲಿ ಮನೆಬಾಡಿಗೆ, ಹೆಂಡತಿಯ ಮುಖ, ತಂಗಿಯ ಮದುವೆ ಎಲ್ಲ ಇದ್ದವು. ಸಿಟ್ಟಿದ್ದದ್ದರಿಂದ ಬದುಕಿದೆ. ಇವರೆಲ್ಲ ಒಬ್ಬರ ಕೈಯಿಂದ ಒಬ್ಬರು ದಾಟಿಸುತ್ತಿರುವುದು ಬೇರೊಬ್ಬರ ಮಾತನ್ನು, ಅದಕ್ಕೆ ನನ್ನ ಬಾಯಿ ಬೇಕು, ನಾನು ಕೊಡುವುದಿಲ್ಲ. ಇಷ್ಟನ್ನೇ ಮತ್ತೆ ಮತ್ತೆ ಹೇಳಿಕೊಂಡೆ.

ಅಂದು ಮಧ್ಯಾಹ್ನ ಏಲಕ್ಕಿ ಅಮ್ಮ ಬಂದರು. ಪೊಲೀಸ ಬಿಟ್ಟ, ಆದರೆ ದೂರ ಹೋಗಲಿಲ್ಲ. ಅವರು ಕಂಬಿಯ ಹೊರಗೆ ನೆಲದ ಮೇಲೇ ಕೂತರು. ಬಾಳೆಲೆಯಲ್ಲಿ ಕಟ್ಟಿದ ಕಡುಬು ತಂದಿದ್ದರು. ತೆರಿಗೆ ಕಟ್ಟುವವರ ಕೈಯಿಂದ ಏನೂ ತೆಗೆದುಕೊಳ್ಳುವಂತಿಲ್ಲ ಎಂದೆ. ಅವರು ಅದನ್ನು ಪೊಲೀಸನ ಕೈಗೆ ಕೊಟ್ಟರು.

"ನಾ ನಿಮ್ಮನ್ನ ಬೈದೆ ಸ್ವಾಮಿ. ಕೋರ್ಟಲ್ಲಿ ಕಂಡಾಗ ಮನಸ್ಸಲ್ಲೇ ಬೈದೆ. ಇವರೂ ಹಂಗೇಂತ" ಎಂದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳ್ತೆ. ಆವತ್ತು ನಾ ನಿಮ್ಮತ್ರ ಎಂತ ಹೇಳಿದ್ದು? ನಂಗೆ ಸರೀ ನೆನಪಿಲ್ಲೆ. ನಂಗೆ ಒಳ್ಳೇದಾಗುವಂಥದ್ದು ಹೇಳಿದ್ದರೆ ಹೇಳಿಬಿಡಿ. ನೀವು ಇಲ್ಲಿ ಹಿಂಗೆ ಕೂರುದು ನಂಗೆ ಬೊಡ."

ಅದನ್ನು ನಾನು ಯೋಚಿಸಿರಲಿಲ್ಲ ಎಂದಲ್ಲ. ಆಕೆಯ ಮಾತು, ಆಕೆಯ ಏಲಕ್ಕಿ, ಆಕೆಯ ದಾವೆ. ಆಕೆಯೇ ಹೇಳು ಎಂದ ಮೇಲೆ ಬೇಡ ಎನ್ನಲು ನಾನು ಯಾರು? ಆ ಕೋಣೆಯಿಂದ ಹೊರಗೆ ಹೋಗುವ ದಾರಿ ಅಲ್ಲೇ ತೆರೆದಿತ್ತು. ಪೊಲೀಸ ಕಡುಬು ತಿನ್ನುವುದನ್ನು ನಿಲ್ಲಿಸಿ ಕಿವಿಗೊಟ್ಟಿದ್ದ.

"ಅಮ್ಮಾ, ಒಳ್ಳೇದಿದ್ದಾಗ ನಾನು ಬಾಯಿ ಬಿಟ್ಟೆ ಅಂತ ಇಟ್ಕೊಳ್ಳಿ. ನಾಳೆ ಇನ್ನೊಬ್ಬರ ವಿಷಯಕ್ಕೆ ಬಾಯಿ ಮುಚ್ಚಿ ನಿಂತ್ರೆ, ಓ, ಅವರದು ಕೆಟ್ಟದ್ದು ಅಂತ ಎಲ್ಲರಿಗೂ ಗೊತ್ತಾಗಿಹೋಗುತ್ತೆ. ಆಗ ನಾನು ಸುಮ್ಮನಿದ್ದದ್ದೇ ಸಾಕ್ಷಿ."

ಅವರು ನೆಲ ನೋಡುತ್ತಿದ್ದರು.

"ಮತ್ತೆ ಆವತ್ತು ನೀವು ಹೇಳಿದ್ದು ನಿಮ್ಮೊಬ್ಬರ ವಿಷಯ ಅಲ್ಲ. ಬೇರೆ ಹೆಸರುಗಳೂ ಇದ್ದವು. ಅವರನ್ನೆಲ್ಲ ಕೇಳಿ ಬಂದ್ರಾ?"

ಅವರು ಮಲೆಯ ಆ ಮನೆಗಳನ್ನು ಒಂದೊಂದಾಗಿ ನೆನೆಯುತ್ತಿದ್ದರೆಂದು ಕಾಣುತ್ತದೆ. ಆಮೇಲೆ ಸೆರಗು ಕೊಡವಿ ಎದ್ದರು.

"ಹಂಗಾದರೆ ಬಾಯಿ ಮುಚ್ಚಿ ಕೂತ್ಕಳಿ" ಎಂದರು. "ಏಲಕ್ಕಿ ಹೋದರೆ ಹೋಗಲಿ. ಮತ್ತೆ ಬೆಳೀತದೆ."

ಅವರು ಹೋದ ಮೇಲೆ ಪೊಲೀಸ ಎಲೆ ಮಡಿಸುತ್ತ, "ಗಟ್ಟಿ ಹೆಂಗ್ಸು ಸ್ವಾಮಿ" ಎಂದ. ನನಗೆ ಆ ಎರಡು ದಿನದಲ್ಲಿ ಮೊದಲ ಸಲ ನಿದ್ದೆ ಬಂತು.

ಮುಂದಿನ ವಿಚಾರಣೆಯಲ್ಲಿ ಜಡ್ಜಿ ನನ್ನನ್ನು ಮತ್ತೆ ಕರೆಸಿದರು. ಅದೇ ಪ್ರಶ್ನೆ, ಅದೇ ಉತ್ತರ. ಸರಕಾರದ ವಕೀಲರು ದಂಡ ಹಾಕಿ ಎಂದರು. ದಂಡ ಹಾಕಿದರೂ ಕಟ್ಟುವುದಿಲ್ಲ ಎಂದೆ. ಕಟ್ಟಿದರೆ ಈ ಪ್ರಶ್ನೆ ಕೇಳುವ ಹಕ್ಕು ತಮಗಿತ್ತು ಎಂದು ನಾನೇ ಒಪ್ಪಿದ ಹಾಗಾಗುತ್ತದೆ. ಏಲಕ್ಕಿ ಅಮ್ಮನ ವಕೀಲರು ಎದ್ದು ನಾವು ಕಟ್ಟುತ್ತೇವೆ ಎಂದಾಗ ನಾನು ಕಟಕಟೆಯಿಂದಲೇ, "ನೀವು ಕಟ್ಟಿದರೆ ನಾನು ಹೊರಗೆ ಬರೋದಿಲ್ಲ" ಎಂದು ಕೂಗಿದೆ. ಜಡ್ಜಿ ಆ ದಿನ ಒಮ್ಮೆ ನಕ್ಕದ್ದು ಆಗಲೇ.

ಅವರು ನನ್ನನ್ನು ಬಿಟ್ಟ ರೀತಿಯಲ್ಲಿ ಕರುಣೆಯೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ಸರಕಾರದ ವಕೀಲರ ಕಡೆ ತಿರುಗಿ, "ಇವರನ್ನು ವರ್ಷವಿಡೀ ಇಟ್ಟುಕೊಳ್ಳಬಹುದು. ಆಗ ಪಕ್ಕದ ಸರ್ಕಾರದ ನೌಕರನೊಬ್ಬ ನಮ್ಮಲ್ಲಿರ್ತಾನೆ, ಆ ಹೇಳಿಕೆ ಮಾತ್ರ ಅಲ್ಲೇ ಇರತ್ತೆ. ಅದು ನಿಮಗೆ ಬೇಕಾದ್ರೆ ಎರಡು ಸರ್ಕಾರ ಕೂತು ಒಪ್ಪಂದ ಮಾಡಿಕೊಳ್ಳಲಿ. ಒಬ್ಬ ಗುಮಾಸ್ತನ ಕತ್ತು ಹಿಸುಕಿ ತರಿಸೋದು ನನ್ನ ಕೆಲಸ ಅಲ್ಲ. ನಿಮ್ಮ ಹತ್ತಿರ ಬೇರೆ ಪುರಾವೆ ಏನಿದೆ?" ಎಂದರು.

ಬೇರೆ ಪುರಾವೆ ಹೆಚ್ಚಿರಲಿಲ್ಲ. ತೀರ್ಪು ಬರಲು ಇನ್ನೂ ತಿಂಗಳುಗಳೇ ಹಿಡಿದವು. ಗೋದಾಮಿನ ಬೀಗ ತೆಗೆಯಬೇಕು ಎಂದು ತೀರ್ಪಾಯಿತು. ತೆಗೆದಾಗ ಏಲಕ್ಕಿಯ ಹಸಿರು ಹೋಗಿ ಹುಲ್ಲಿನ ಬಣ್ಣ ಬಂದಿತ್ತು, ಅರ್ಧ ಮೂಟೆಗಳಿಗೆ ಹುಳ ಹಿಡಿದಿತ್ತು. ಸಿಕ್ಕ ಬೆಲೆಗೆ ಮಾರಿದರಂತೆ. ಗೆದ್ದರು ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಾನು ಮಡಿಕೇರಿಗೆ ವಾಪಸಾದ ದಿನ ಅಧಿಕಾರಿಗಳು ಮಾತಾಡಿಸಲಿಲ್ಲ. ಆಜ್ಞೆ ಮೀರಿದ್ದಕ್ಕೆ, ಸರಕಾರಿ ಕಡತವನ್ನು ಅಪ್ಪಣೆಯಿಲ್ಲದೆ ಬೇರೆಡೆ ಇಟ್ಟದ್ದಕ್ಕೆ ಕಾರಣ ಕೇಳಿ ನೋಟೀಸು ಬಂತು. ನಾನು ಉತ್ತರ ಬರೆದು, ಆ ಉತ್ತರವನ್ನು ಮೇಲಿನವರಿಗೂ ಕಳಿಸಬೇಕೆಂದು ಕೋರಿದೆ. ನಿಯಮದ ಪ್ರಕಾರ ಕಳಿಸದೆ ಇರುವಂತಿರಲಿಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಮೇಲಿನಿಂದ ಎರಡು ಆದೇಶಗಳು ಒಂದೇ ಟಪ್ಪಾಲಿನಲ್ಲಿ ಬಂದವು. ಕಾಯಿದೆಯಲ್ಲಿ ಹೇಳಿದ ಸಂದರ್ಭಗಳನ್ನು ಬಿಟ್ಟು ತೆರಿಗೆದಾರರ ಯಾವ ಹೇಳಿಕೆಯೂ ಪ್ರಾಂತದ ಗಡಿ ದಾಟತಕ್ಕದ್ದಲ್ಲ, ಸಂಸ್ಥಾನಗಳ ಕೋರಿಕೆ ಬಂದರೆ ಮೇಲಿನ ಕಚೇರಿಗೇ ಕಳಿಸತಕ್ಕದ್ದು ಎಂದು ಒಂದು. ಆಜ್ಞಾಭಂಗಕ್ಕಾಗಿ ನನ್ನ ಸಂಬಳದ ಬಡ್ತಿಯನ್ನು ತಡೆಹಿಡಿಯಲಾಗಿದೆ ಎಂದು ಇನ್ನೊಂದು.

ಎರಡನ್ನೂ ಅಧಿಕಾರಿಗಳೇ ನನ್ನ ಕೈಗೆ ಕೊಟ್ಟರು. ಈ ಸಲ ಕೂರಲು ಹೇಳಿದರು.

"ನೀವು ಮಾಡಿದ್ದು ಸರಿ ಅಂತ ಒಂದರಲ್ಲಿದೆ, ತಪ್ಪು ಅಂತ ಇನ್ನೊಂದರಲ್ಲಿದೆ. ಅಪೀಲು ಮಾಡ್ತೀರಾ?"

"ಮೊದಲನೇದಕ್ಕೆ ಅಪೀಲು ಬೇಡ ಸರ್" ಎಂದೆ. "ಎರಡನೇದಕ್ಕೆ ಮಾಡ್ತೇನೆ."

ಮಾಡಿದೆ. ತಿರಸ್ಕಾರವಾಯಿತು. ಮತ್ತೆ ಮಾಡಿದೆ. ಅದೂ ತಿರಸ್ಕಾರವಾಯಿತು. ನನ್ನನ್ನು ಎತ್ತಂಗಡಿ ಮಾಡಲಿಲ್ಲ. ಮಲೆಯ ಕಡೆಯವರ ಲೆಕ್ಕ ಓದಬಲ್ಲವರು ಕಚೇರಿಯಲ್ಲಿ ಬೇರೆ ಇರಲಿಲ್ಲ.

ಮರುವರ್ಷದ ತನಿಖೆಗೆ ಏಲಕ್ಕಿ ಅಮ್ಮ ತಾವೇ ಮಡಿಕೇರಿಗೆ ಬಂದರು. ಒಬ್ಬರೇ ಬರಲಿಲ್ಲ. ಜೊತೆಗೆ ಮೂವರು ಗಂಡಸರು, ಮಲೆಯ ಕಡೆ ಸಣ್ಣದಾಗಿ ವ್ಯಾಪಾರ ಮಾಡುವವರು. ನಾವು ಎಷ್ಟೋ ಸಲ ನೋಟೀಸು ಕಳಿಸಿದರೂ ಕಚೇರಿಯ ಮೆಟ್ಟಿಲು ಹತ್ತದಿದ್ದವರು. ಬಾಗಿಲ ಹತ್ತಿರದ ಬೆಂಚಿನ ಮೇಲೆ, ಏಳಲು ಸಿದ್ಧರಾದವರಂತೆ ಕೂತರು.

ಮೊದಲು ಅಮ್ಮನ ಲೆಕ್ಕ ನೋಡಿದೆ. ಗಾಡಿ ಎತ್ತುಗಳ ಖರ್ಚಿನ ಜೊತೆಗೆ ಮನೆಯ ಹಸುವಿನ ಹಿಂಡಿಯನ್ನೂ ವ್ಯಾಪಾರದ ಖರ್ಚಿಗೆ ಸೇರಿಸಿದ್ದರು. ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಅವರು ಬಗ್ಗಿ ನೋಡಿದರು.

"ಇದೆಂತ ಸ್ವಾಮಿ? ನಂಗಾಗಿ ಕಂಬಿ ಒಳಗೆ ಕೂತವರು ನೀವೇ ತಾನೆ? ಒಂದು ಹಸುವಿನ ಹಿಂಡಿ ಬಿಡ್ಲಿಕ್ಕೆ ಆಗ್ದಾ?"

"ಕೂತದ್ದು ನಿಮಗಾಗಿ ಅಲ್ಲ ಅಮ್ಮಾ. ಹಸು ಗಾಡಿ ಎಳೆಯಲ್ಲ, ಹಾಲು ಕೊಡುತ್ತೆ. ಇದು ಮನೆ ಖರ್ಚು."

"ನನ್ನ ಗಾಡಿಯವರು ಆ ಹಾಲೇ ಕುಡಿಯುದು."

"ಅದಕ್ಕೆ ಬೇರೆ ಲೆಕ್ಕ ಬರೆದಿದ್ದೀರಿ. ಅದನ್ನು ಬಿಟ್ಟಿದ್ದೇನೆ ನೋಡಿ."

ಅವರು ಇನ್ನೊಂದಷ್ಟು ಜಗಳವಾಡಿದರು. ನಾನು ಬಗ್ಗಲಿಲ್ಲ. ಕೊನೆಗೆ ಸಹಿ ಹಾಕಿ ಪೆನ್ನನ್ನು ಮೇಜಿನ ಮೇಲೆ ಕುಟ್ಟಿ ಇಟ್ಟರು. ಬೆಂಚಿನ ಮೇಲಿದ್ದವರ ಕಡೆ ತಿರುಗಿ, ಕಚೇರಿಯವರೆಲ್ಲ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಬನ್ನಿ, ಹೆದರ್ಬೊಡಿ. ಇದ್ದದ್ದು ಇದ್ದಂಗೆ ಹೇಳಿ. ಇವರು ಹಿಂಡಿನೂ ಬಿಡುದಿಲ್ಲೆ, ಬಾಯಿನೂ ಬಿಡುದಿಲ್ಲೆ."

ಮೂವರಲ್ಲಿ ಹಿರಿಯವನು ಎದ್ದು ಬಂದು ಕುರ್ಚಿಯ ತುದಿಯಲ್ಲಿ ಕೂತ. ಒಮ್ಮೆ ಕೆಮ್ಮಿ, ಹೇಳಲು ಶುರುಮಾಡಿದ. ನಾನು ಬರೆದುಕೊಂಡೆ.